ನಾನು ಕಬ್ಬಿಣದ ಮಾತ್ರೆ ಕೊಟ್ಟ ವರ್ಷ

ಮೊನ್ನೆ ಪಕ್ಕದ ಮನೆಯ ದೇವಕ್ಕ ತೆಂಗಿನ ಗೆರಟೆಯಲ್ಲಿ ಕೆಮ್ಮಣ್ಣು ನೆನೆಸಿ ಜಗುಲಿಯ ಮೇಲಿಟ್ಟಿದ್ದರು. ದಸರೆ ಮುಗಿಯುತ್ತ ಬಂದಿತ್ತಲ್ಲ, ಭೂಮಿ ಹುಣ್ಣಿಮೆಯ ಬುಟ್ಟಿಗೆ ಬಳಿಯಬೇಕಿತ್ತು. ಮನೆ ಭೇಟಿಯ ಪುಸ್ತಕ ಹಿಡಿದು ಅವರ ಅಂಗಳ ದಾಟುವಾಗ ಆ ವಾಸನೆ ಮೂಗಿಗೆ ಬಂತು. ನೆನೆದ ಕೆಮ್ಮಣ್ಣಿಗೆ ಬರೀ ಮಣ್ಣಿನ ವಾಸನೆ ಇರುವುದಿಲ್ಲ. ಅದರೊಳಗೆ ಸಣ್ಣಗೆ ಕಬ್ಬಿಣದ ವಾಸನೆ ಇರುತ್ತದೆ, ನಾನು ಮನೆಮನೆಗೆ ಹಂಚುವ ಕೆಂಪು ಮಾತ್ರೆಯ ವಾಸನೆಯ ಹಾಗೆ.

"ಎಂತ ಸುಮಿತ್ರಕ್ಕ, ನಿಂತೇಬಿಟ್ರಿ? ಕಾಲಿಗೆ ಮುಳ್ಳು ಹೊಕ್ತಾ?" ಎಂದರು ದೇವಕ್ಕ.

ಏನಿಲ್ಲ ಎಂದು ಮುಂದೆ ನಡೆದೆ. ಆದರೆ ಆ ದಿನವೆಲ್ಲ ಮೂರು ವರ್ಷದ ಹಿಂದಿನ ಒಂದು ವರ್ಷ ನನ್ನ ಜೊತೆಗೇ ಮನೆಮನೆ ತಿರುಗಿತು.

ನಮ್ಮ ಊರು ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯ ಬದಿಯಲ್ಲಿದೆ. ನಮ್ಮ ಮಾವನವರು ಗೇಣಿಗೆ ಮಾಡುತ್ತಿದ್ದ ಗದ್ದೆ ಆಮೇಲೆ ನಮ್ಮದೇ ಆಯಿತು. ಈಗ ನಮ್ಮನೆಯವರು ಗದ್ದೆಯ ಜೊತೆಗೆ ಬಾಡಿಗೆ ಆಟೋ ಓಡಿಸುತ್ತಾರೆ. ನಾನು ಆಶಾ ಕಾರ್ಯಕರ್ತೆ. ಬಸುರಿಯರ ಲೆಕ್ಕ, ಹೆತ್ತವರ ಲೆಕ್ಕ, ಮಕ್ಕಳ ಚುಚ್ಚುಮದ್ದು, ಇಷ್ಟರಲ್ಲಿ ನನ್ನ ದಿನ ಮುಗಿಯುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿದವಳಿಗೆ ಹೆಂಗಸರ ಮುಖ ನೋಡಿದ ಕೂಡಲೇ ಕೈ ತಾನಾಗಿಯೇ ಅವರ ಕಣ್ಣಿನ ಕೆಳರೆಪ್ಪೆಗೆ ಹೋಗುತ್ತದೆ. ರೆಪ್ಪೆಯ ಒಳಗೆ ಬಿಳಿಚಿದ್ದರೆ ರಕ್ತ ಕಡಿಮೆ. ರಕ್ತ ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆ. ಊಟವಾದ ಮೇಲೆ ನುಂಗಿ, ಚಹಾದ ಜೊತೆ ಬೇಡ, ಲಿಂಬೆಹಣ್ಣು ಹಿಂಡಿದ ನೀರು ಒಳ್ಳೆಯದು, ಹೊರಕಡೆ ಕಪ್ಪಗಾದರೆ ಹೆದರಬೇಡಿ. ಈ ನಾಲ್ಕು ಮಾತನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಅದು ನಿಜಕ್ಕೂ ಗುಣ ಕೊಡುವುದನ್ನು ನೂರಾರು ಮನೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಆ ವರ್ಷ ನನಗೆ ನನ್ನ ಮೇಲೆ ಅಷ್ಟು ನಂಬಿಕೆ ಇತ್ತು.

ಸರ್ಕಾರದ ಪುಸ್ತಕಗಳಲ್ಲದೆ ನನ್ನದೇ ಒಂದು ನೋಟ್‌ಬುಕ್ ಇದೆ. ಯಾರಿಗೆ ಏನಾಯಿತು, ಎಂತ ಕೊಟ್ಟೆ, ಎಷ್ಟು ದಿನಕ್ಕೆ ವಾಸಿಯಾಯಿತು ಎಂದು ದಿನಾ ಸಂಜೆ ದೀಪ ಹಚ್ಚಿದ ಮೇಲೆ ತಾರೀಖು ಹಾಕಿ ಬರೆಯುತ್ತೇನೆ. ಸಾಲಿನ ಕೊನೆಯಲ್ಲಿ "ಗುಣ" ಎಂದು ಬರೆದು ಕೆಳಗೊಂದು ಗೆರೆ ಎಳೆದರೆ ಮನಸ್ಸಿಗೆ ಒಂದು ನೆಮ್ಮದಿ.

ಆ ವರ್ಷದ ಫೆಬ್ರವರಿಯಲ್ಲಿ ನನ್ನ ನಾದಿನಿ ಜಲಜ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಳು. ಅವಳು ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದವಳು. ವಯಸ್ಸು ಮೂವತ್ತಾರು, ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಶಾಲೆಯಿಂದ ನಡೆದು ಬರುವಾಗ ಎಡಗಾಲಿನ ಚಪ್ಪಲಿ ಎಲ್ಲೋ ದಾರಿಯಲ್ಲಿ ಕಳಚಿಹೋಗಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಬೇಲಿಯಾಚೆ ನಿಂತ ದೇವಕ್ಕ ನಕ್ಕರು. "ಎಂತ ಜಲಜ, ಬಲಗಾಲಿಗೆ ಚಪ್ಪಲಿ, ಎಡಗಾಲಿಗೆ ಹರಕೆಯಾ? ವರದಹಳ್ಳಿಗೆ ನಡ್ಕಂಡು ಹೋಗ್ತೀನಿ ಅಂತ ಹೇಳ್ಕಂಡಿದ್ಯಾ?"

ಜಲಜಳೂ ನಕ್ಕಳು. ಒಳಗೆ ಬಂದವಳು, "ಅತ್ಗೆ, ಎಡಗಾಲು ಜೋಮು ಹಿಡಿದಂಗೆ ಆಗಿದೆ. ನಿನ್ನೆಯಿಂದ ಬಿಡ್ಲೇ ಇಲ್ಲ" ಎಂದಳು. ರೆಪ್ಪೆ ನೋಡಿದೆ, ಸ್ವಲ್ಪ ಬಿಳಿಚಿತ್ತು. ಆರೋಗ್ಯ ಕೇಂದ್ರದಲ್ಲಿ ರಕ್ತ ನೋಡಿಸಿದರೆ ಅದೂ ಸ್ವಲ್ಪ ಕಡಿಮೆಯೇ ಬಂತು. ಮಾತ್ರೆ ಶುರುಮಾಡಿದೆ. ಹನ್ನೆರಡು ದಿನಕ್ಕೆ ಜೋಮು ಹೋಯಿತು. ಎಡಗಾಲಿಗೆ ಹೊಸ ಚಪ್ಪಲಿ ಮೆಟ್ಟಿ ಅಂಗಳದಲ್ಲಿ ಹತ್ತು ಹೆಜ್ಜೆ ನಡೆದು ತೋರಿಸಿದಳು. ಅಂದು ಸಂಜೆ ಬರೆದದ್ದು ಇಂದಿಗೂ ನೋಟ್‌ಬುಕ್ಕಿನಲ್ಲಿದೆ: "ಜಲಜ. ಎಡಗಾಲು ಜೋಮು. ಕಬ್ಬಿಣದ ಮಾತ್ರೆ ಹನ್ನೆರಡು ದಿನ. ಗುಣ." ಆಶಾ ಕಾರ್ಯಕರ್ತೆಯರ ತಿಂಗಳ ಸಭೆಯಲ್ಲಿ ಇದನ್ನು ಎಲ್ಲರ ಮುಂದೆ ಹೇಳಿದೆ ಕೂಡ. ಕಾಲು ಜೋಮು ಎಂದು ಬಂದವರಿಗೆ ಮೊದಲು ಮಾತ್ರೆ ಕೊಟ್ಟು ನೋಡಿ, ನಮ್ಮನೆಯಲ್ಲೇ ಆಗಿದೆ ಎಂದೆ. ಆರೋಗ್ಯ ಕೇಂದ್ರದ ನಮ್ಮ ಸಿಸ್ಟರ್ ಹೌದೆಂದು ತಲೆಯಾಡಿಸಿದರು.

ಕಾಯಿಲೆ ತಾನಾಗಿಯೇ ಬಂದು, ತಾನಾಗಿಯೇ ಹಿಂದೆ ಸರಿದಿತ್ತು. ಆ ಹೊತ್ತಿಗೆ ಸರಿಯಾಗಿ ನನ್ನ ಮಾತ್ರೆ ಅವಳ ಹೊಟ್ಟೆಯಲ್ಲಿತ್ತು, ಅಷ್ಟೇ. ಇದು ನನಗೆ ತಿಳಿಯುವಾಗ ವರ್ಷ ಮುಗಿಯುತ್ತ ಬಂದಿತ್ತು.

ಮಳೆಗಾಲ ಯಾವ ತೊಂದರೆಯೂ ಇಲ್ಲದೆ ಕಳೆಯಿತು. ದಸರೆ ಬಂತು. ವಿಜಯದಶಮಿಯ ದಿನ ಬುಟ್ಟಿಗೆ ಚಿತ್ತಾರ ಬರೆಯಲು ಶುರುಮಾಡಿ ಭೂಮಿ ಹುಣ್ಣಿಮೆಯ ಹೊತ್ತಿಗೆ ಮುಗಿಸುವುದು ನಮ್ಮಲ್ಲಿ ವಾಡಿಕೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದಲ್ಲ, ಭೂಮಿಯೇ ಬಸುರಿ ಎಂದು ಲೆಕ್ಕ. ಅವಳ ಬಯಕೆಯ ಅಡುಗೆ ಹೊತ್ತೊಯ್ಯುವ ಬುಟ್ಟಿ ಅದು. ಬುಟ್ಟಿಗೆ ಸಗಣಿ ಸಾರಿಸಿ ಒಣಗಿಸಿ, ಮೇಲೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಎಳೆ ಎಳೆಯಬೇಕು. ಜಲಜಳ ಎಳೆ ಎಂದರೆ ದಾರ ಹಿಡಿದ ಹಾಗೆ. ನೇರ ಇದೆಯೋ ಇಲ್ಲವೋ ಎಂದು ನೋಡಲು ಬಲಗಣ್ಣು ಮುಚ್ಚಿ, ಎಡಗಣ್ಣನ್ನು ಬುಟ್ಟಿಯ ಹತ್ತಿರ ತಂದು ನೋಡುವುದು ಚಿಕ್ಕಂದಿನಿಂದ ಅವಳ ಅಭ್ಯಾಸ. ಬಡಗಿಗಳು ಹಲಗೆಯ ಅಂಚು ನೋಡುತ್ತಾರಲ್ಲ, ಹಾಗೆ.

ದಶಮಿಯ ಮಾರನೇ ದಿನ ಕೆಂಪು ಬಳಿದು, ಬಲಗಣ್ಣು ಮುಚ್ಚಿ ನೋಡಿ, "ಅತ್ಗೆ, ಈ ಮಣ್ಣು ಎಲ್ಲಿಂದ ತಂದ್ರಿ? ಸಪ್ಪೆ" ಎಂದಳು.

"ಯಾವಾಗ್ಲೂ ತರೋ ಧರೆಯಿಂದ್ಲೇ ತಂದಿದ್ದು."

"ಅಲ್ಲ ಬಿಡಿ. ಇದು ಒಲೆಬೂದಿ ಕಲಸಿದಂಗೆ ಇದೆ."

ನಾನು ನೋಡಿದೆ. ಬುಟ್ಟಿ ರಕ್ತದ ಹಾಗೆ ಕೆಂಪಗಿತ್ತು. "ನಿನ್ನ ಕಣ್ಣಿಗೆ ಎಂತಾಗಿದೆ ಮಾರಾಯ್ತಿ" ಎಂದು ಮಾತಿಗೆ ಹೇಳಿದೆ. ಅವಳು ಕೇಳಲಿಲ್ಲ. ಮತ್ತೊಂದು ಸಲ ಬಳಿದಳು. ಸಂಜೆ ತಾನೇ ಗುದ್ದಲಿ ಹಿಡಿದು ಹೋಗಿ, ಗುಡ್ಡದ ಬದಿಯ ಬೇರೆ ಧರೆ ಕಡಿದು ಮಣ್ಣು ತಂದಳು. ಮೂರನೇ ಸಲ, ನಾಲ್ಕನೇ ಸಲ ಬಳಿದಳು. ಬುಟ್ಟಿಯ ಮೇಲೆ ಮಣ್ಣು ಬೆರಳು ದಪ್ಪಕ್ಕೆ ಕೂತಿತು. "ಎರಡೂ ಕಣ್ಣಲ್ಲಿ ನೋಡಿದ್ರೆ ಪರವಾಗಿಲ್ಲ, ಒಂದರಲ್ಲಿ ನೋಡಿದ್ರೆ ಬಣ್ಣವೇ ಇಲ್ಲ" ಎಂದು ಗೊಣಗಿದಳು. ಆ ಮಾತನ್ನು ಅಲ್ಲಿಯೇ ಹಿಡಿಯಬೇಕಿತ್ತು. ನಾನು ಒಗ್ಗರಣೆಗೆ ಸಾಸಿವೆ ಹುಡುಕುತ್ತಿದ್ದೆ.

ಹುಣ್ಣಿಮೆಯ ಬೆಳಿಗ್ಗೆ ನಮ್ಮನೆಯವರು ಬುಟ್ಟಿ ಹೊತ್ತು ಗದ್ದೆಗೆ ನಡೆದರು. ದಪ್ಪ ಮಣ್ಣು ಒಣಗಿ ಬಿರಿದು, ದಾರಿಯುದ್ದಕ್ಕೂ ಚಕ್ಕೆ ಚಕ್ಕೆಯಾಗಿ ಉದುರಿತು. ಬಿಳಿ ಎಳೆಗಳೂ ಅದರ ಜೊತೆಗೇ ಹೋದವು. "ಈ ವರ್ಷ ಚಿತ್ತಾರ ಬುಟ್ಟಿಗಲ್ಲ, ನನ್ನ ಅಂಗಿಗೆ ಬರೆದಿದ್ದಾಳೆ" ಎಂದು ಅವರು ಹೆಗಲು ಕೊಡವಿಕೊಂಡರು. ಜಲಜ ನಗಲಿಲ್ಲ. ಬದುವಿನ ಮೇಲೆ ಕೂತು ಎಡಗಣ್ಣನ್ನು ಅಂಗೈಯಲ್ಲಿ ಒತ್ತಿಕೊಂಡಳು. ಹೊರಳಿಸಿದರೆ ಒಳಗೆ ನೋಯುತ್ತದೆ ಎಂದಳು.

ನಾನು ಮನೆಗೆ ಬಂದು ಅವಳ ರೆಪ್ಪೆ ಎಳೆದು ನೋಡಿದೆ. ಐದು ದಿನ ಕುತ್ತಿಗೆ ಬಗ್ಗಿಸಿ ಕೂತಿದ್ದೀಯ, ರಕ್ತ ಮತ್ತೆ ಇಳಿದಿದೆ ಎಂದೆ. ಫೆಬ್ರವರಿಯಲ್ಲಿ ದಿನಕ್ಕೊಂದರಲ್ಲೇ ಗುಣವಾಗಿತ್ತಲ್ಲ, ಈ ಸಲ ಬೇಗ ವಾಸಿಯಾಗಲಿ ಎಂದು ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ಕೊಟ್ಟೆ. ಯಾವ ಡಾಕ್ಟರನ್ನೂ ಕೇಳಲಿಲ್ಲ. ಕಬ್ಬಿಣದ ಸಟ್ಟುಗ ಕೆಂಪಗೆ ಕಾಸಿ ಮಜ್ಜಿಗೆಗೆ ಅದ್ದಿ ಅದನ್ನೂ ಕುಡಿಸಿದೆ. ಎಣ್ಣೆ ಹಚ್ಚಿ ಹಂಡೆಯ ಸುಡುನೀರು ಹೊಯ್ದೆ. ಬಚ್ಚಲಿನಿಂದ ಗೋಡೆ ಹಿಡಿದುಕೊಂಡು ಬಂದು, "ಬಿಸಿನೀರು ಹೊಯ್ದ ಕೂಡ್ಲೇ ಆ ಕಣ್ಣಿಗೆ ಪೂರ್ತಿ ಮಂಜು ಅತ್ಗೆ. ತಣ್ಣಗೆ ಕೂತ್ರೆ ಸ್ವಲ್ಪ ತಿಳಿ ಆಗ್ತದೆ" ಎಂದಳು. ಪಿತ್ತ ಎಂದೆ. ನೋಟ್‌ಬುಕ್ಕಿನಲ್ಲಿ ಅದನ್ನೂ ಹಾಗೆಯೇ ಬರೆದೆ: ಪಿತ್ತ.

ಹೀಗೆ ಮೂರು ವಾರ ಕಳೆದವು. ಒಂದು ಮಧ್ಯಾಹ್ನ ಅವಳು ಶಾಲೆಯಲ್ಲಿ ಸಾಂಬಾರಿನ ಪಾತ್ರೆ ಇಳಿಸಲು ಹೋಗಿ ಕಟ್ಟೆಯ ಅಂಚು ಕಾಣದೆ ಪಾತ್ರೆಯನ್ನು ನೆಲಕ್ಕೆ ಬಿಟ್ಟಳು. ಮಕ್ಕಳು ಯಾರೂ ಹತ್ತಿರ ಇರಲಿಲ್ಲ, ಅವಳ ಪಾದದ ಮೇಲೆ ಸ್ವಲ್ಪ ಸಿಡಿಯಿತು. ಅಂದೇ ಸಾಗರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಅವರು ಮೇಜಿನ ಮೇಲಿದ್ದ ಔಷಧದ ಬಾಟಲಿಯ ಕೆಂಪು ಮುಚ್ಚಳ ತೆಗೆದು ಜಲಜಳ ಮುಂದೆ ಹಿಡಿದರು. ಒಂದೊಂದೇ ಕಣ್ಣು ಮುಚ್ಚಿಸಿ, ಎರಡಕ್ಕೂ ಒಂದೇ ಕೆಂಪು ಕಾಣುತ್ತದಾ ಎಂದು ಕೇಳಿದರು.

"ಇಲ್ಲ ಸಾರ್. ಬಲಗಣ್ಣಿಗೆ ಕೆಮ್ಮಣ್ಣು. ಎಡಗಣ್ಣಿಗೆ ಹಳೇ ಇಟ್ಟಿಗೆ ತೊಳೆದ ನೀರು."

ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ನಾಲ್ಕು ಸಲ ಬಳಿದ ಬುಟ್ಟಿ ಕಣ್ಣೆದುರಿಗೆ ಬಂತು. ಮಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ಕಣ್ಣಿನ ಹಿಂದಿನ ನರ ಊದಿದರೆ ಮೊದಲು ಮಾಸುವುದು ಕೆಂಪು ಬಣ್ಣವೇ ಎಂದು ಅವರು ಹೇಳಿದರು. ಇದು ಕಣ್ಣಿನ ಕೆಲಸವಲ್ಲ, ನರದ ಡಾಕ್ಟರನ್ನು ನೋಡಿ ಎಂದು ಚೀಟಿ ಬರೆದುಕೊಟ್ಟರು.

ತೀರ್ಥಹಳ್ಳಿಗೆ ತಿಂಗಳಿಗೊಮ್ಮೆ ನರರೋಗದ ಡಾಕ್ಟರೊಬ್ಬರು ಬರುತ್ತಿದ್ದರು, ಹೆಂಗಸು, ಮೆಲುದನಿಯವರು. ಅವರು ನೋಡಿದವರೇ ತಡಮಾಡಲಿಲ್ಲ. ಶಿವಮೊಗ್ಗದಲ್ಲಿ ಸ್ಕ್ಯಾನ್, ರಕ್ತ ಪರೀಕ್ಷೆ ಆದವು, ಅಲ್ಲಿಯೇ ಐದು ದಿನ ಡ್ರಿಪ್ಪಿನಲ್ಲಿ ಔಷಧ ಹೋಯಿತು. ಆರನೇ ದಿನ ಜಲಜ ಎಡಗಣ್ಣಿನಲ್ಲಿ ನನ್ನ ಬೆರಳು ಎಣಿಸಿದಳು. ಮುಂದಿನ ಔಷಧ ಏನೆಂದು ತೀರ್ಮಾನಿಸಲು ಎಲ್ಲಾ ಕಾಗದ ಹಿಡಿದು ಮತ್ತೆ ತೀರ್ಥಹಳ್ಳಿಗೆ ಹೋದೆವು.

ಅವತ್ತು ಡಾಕ್ಟರು ನಮಗೆ ಕಾಯಿಲೆಯ ಹೆಸರು ಹೇಳಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದು ಎಂದರು. ಕರೆಂಟಿನ ತಂತಿಗೆ ಹೊದಿಕೆ ಇರುವಂತೆ ನರಕ್ಕೂ ಒಂದು ಹೊದಿಕೆ ಇರುತ್ತದಂತೆ. ರೋಗ ತಡೆಯಬೇಕಾದ ನಮ್ಮ ಮೈಯ ಶಕ್ತಿಯೇ ಆ ಹೊದಿಕೆಯನ್ನು ಹೊರಗಿನದೆಂದು ತಿಳಿದು ಹರಿಯುತ್ತದಂತೆ. ಆಮೇಲೆ ಕೇಳಿದರು: "ಇದು ಮೊದಲನೇ ಸಲನಾ? ಹಿಂದೆ ಯಾವತ್ತಾದ್ರೂ ಕೈಕಾಲು ಜೋಮು, ಬಲ ಕಡಿಮೆ, ಹಂಗೇನಾದ್ರೂ ಆಗಿ ಹೋಗಿತ್ತಾ? ಸರಿಯಾಗಿ ನೆನಪು ಮಾಡ್ಕೊಳ್ಳಿ. ಒಂದೇ ಸಲ ಆಗಿದ್ರೆ ಸ್ವಲ್ಪ ಕಾದು ನೋಡಬಹುದು. ಎರಡು ಸಲ ಆಗಿದ್ರೆ ಕಾಯೋ ಹಂಗಿಲ್ಲ, ಇವತ್ತೇ ದೊಡ್ಡ ಔಷಧ ಶುರು ಮಾಡಬೇಕು."

ಜಲಜ ನನ್ನ ಮುಖ ನೋಡಿದಳು.

"ಇಲ್ಲ ಮೇಡಂ" ಎಂದೆ ನಾನು.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಸಭೆಯಲ್ಲಿ ಹೇಳಿದ ಮಾತು, ಸಿಸ್ಟರ್ ತಲೆಯಾಡಿಸಿದ್ದು, ಕೇಳದೆ ಕೊಟ್ಟ ಎರಡೆರಡು ಮಾತ್ರೆ, ಎಲ್ಲವೂ ಒಟ್ಟಿಗೇ ನೆನಪಿಗೆ ಬಂದಿದ್ದವು. ಇಷ್ಟು ವರ್ಷದ ಕೆಲಸಗಾರ್ತಿ ಮನೆಯವಳನ್ನೇ ಹೀಗೆ ಮಾಡಿದಳು ಎಂದಾರು ಎಂಬ ಹೆದರಿಕೆ. ಡಾಕ್ಟರು ಏನೋ ಬರೆದುಕೊಂಡು, ಹಾಗಾದರೆ ಮೂರು ತಿಂಗಳು ಬಿಟ್ಟು ಬನ್ನಿ ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಬ್ಯಾಗಿನಲ್ಲಿ ನೋಟ್‌ಬುಕ್ ಇತ್ತು. ಜಲಜ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ನಮ್ಮ ಎದುರಿಗೆ ನಡುವಯಸ್ಸಿನ ಗಂಡಸೊಬ್ಬರನ್ನು ಇಬ್ಬರು ಹಿಡಿದು ನಡೆಸಿಕೊಂಡು ಬಂದರು. ಅವರ ಎರಡೂ ಪಾದಗಳು ನೆಲಕ್ಕೆ ತೀಡುತ್ತಿದ್ದವು. ಜಲಜ ಆ ಪಾದಗಳನ್ನೇ ನೋಡಿದಳು. ಆಮೇಲೆ ತನ್ನವನ್ನು ಬೆಂಚಿನ ಕೆಳಗೆ ಎಳೆದುಕೊಂಡಳು.

ನಾನು ಎದ್ದು ಬಾಗಿಲು ತಳ್ಳಿ ಒಳಗೆ ಹೋದೆ. ಕಾಂಪೌಂಡರ್ ಹುಡುಗಿ "ನಿಮ್ದು ಮುಗೀತಲ್ಲ ಅಮ್ಮ" ಎಂದಳು. ಡಾಕ್ಟರ ಮೇಜಿನ ಮೇಲೆ ಫೆಬ್ರವರಿಯ ಪುಟ ಬಿಚ್ಚಿಟ್ಟು, "ಸುಳ್ಳು ಹೇಳಿದೆ ಮೇಡಂ. ಒಂದು ಸಲ ಆಗಿತ್ತು" ಎಂದೆ. ಸಭೆಯ ವಿಷಯ, ಮಾತ್ರೆಯ ವಿಷಯ, ಬಿಸಿನೀರಿನ ವಿಷಯ ಎಲ್ಲ ಹೇಳಿದೆ.

ಅವರು ಪುಟವನ್ನು ಎರಡು ಸಲ ಓದಿದರು. ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು. "ತಾರೀಖು ಬರೆದಿಟ್ಟಿದ್ದು ಒಳ್ಳೇದಾಯ್ತು" ಎಂದಷ್ಟೇ ಹೇಳಿ ಹಳೆಯ ಚೀಟಿ ಹರಿದು ಹೊಸದು ಬರೆಯತೊಡಗಿದರು. ಆಮೇಲೆ ರಕ್ತದ ಕಾಗದ ತೆಗೆದು ತೋರಿಸಿದರು. ಜಲಜಳ ರಕ್ತದಲ್ಲಿ ಕೆಂಪಿನ ಅಂಶ ಕಡಿಮೆ, ಆದರೆ ಮೈಯೊಳಗೆ ಕೂಡಿಟ್ಟ ಕಬ್ಬಿಣ ಹೆಚ್ಚು. "ಕಣಜ ತುಂಬಿದೆ, ಬಾಗಿಲಿಗೆ ಚಿಲಕ ಹಾಕಿದೆ. ಒಳಗೆ ಉರಿಯೂತ ಇದ್ದಾಗ ದೇಹ ಹಂಗೆ ಕಬ್ಬಿಣ ಬಚ್ಚಿಡೋದುಂಟು. ನಿಮ್ಮ ಎರಡೆರಡು ಮಾತ್ರೆಯದ್ದೂ ಇರಬಹುದು. ಒಂದು ಕಾಗದ ನೋಡಿ ಯಾವುದು ಅಂತ ನಾನು ಹೇಳಕ್ಕಾಗಲ್ಲ."

ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದರು. ಮಿದುಳಿನೊಳಗೆ ಒಂದು ಹಳೆಯ ಕಲೆ, ಅದರ ಸುತ್ತ ಕಪ್ಪು ಅಂಚು. ಆ ಅಂಚು ಕಬ್ಬಿಣದ್ದು ಎಂದರು. ಹೊದಿಕೆ ಹರಿದ ಜಾಗದಲ್ಲಿ ಕಬ್ಬಿಣ ಹೊರಬಿದ್ದು, ಅದನ್ನು ನುಂಗಿದ ಜೀವಕೋಶಗಳು ಅಂಚಿನಲ್ಲಿ ಕೂತು ಒಳಗೊಳಗೇ ಹೊಗೆಯಾಡುತ್ತವಂತೆ.

"ನಾನು ಕೊಟ್ಟ ಮಾತ್ರೆಯೇ ಅಲ್ಲಿಗೆ ಹೋಗಿ ಕೂತಿದ್ಯಾ ಮೇಡಂ?"

ಅವರು ಚಿತ್ರವನ್ನು ಮೇಜಿನ ಮೇಲಿಟ್ಟರು. "ಹಂಗಲ್ಲ. ಹೊಟ್ಟೆಗೆ ತಿಂದಿದ್ದು ನೆಟ್ಟಗೆ ಮಿದುಳಿಗೆ ಹೋಗಲ್ಲ, ನಡುವೆ ಕಾವಲಿದೆ. ಅದು ಅಲ್ಲೇ ಇದ್ದ ಕಬ್ಬಿಣ, ಹರಿದಾಗ ಚೆಲ್ಲಿದ್ದು. ಹೊದಿಕೆ ಮತ್ತೆ ನೇಯೋದಕ್ಕೂ ಅದೇ ಕಬ್ಬಿಣ ಬೇಕು. ಬೇಕಾದಲ್ಲಿ ಸಿಗಲ್ಲ, ಬೇಡದಲ್ಲಿ ಕೂತಿದೆ. ಇದರಲ್ಲಿ ನಮಗೇ ಗೊತ್ತಿಲ್ಲದ್ದು ಬಹಳ ಇದೆ. ಆದ್ರೆ ಸುಮಿತ್ರಮ್ಮ, ಮೂರು ವಾರ ಹೋಯ್ತಲ್ಲ, ಅದು ಹೋಯ್ತು. ಆ ಕಣ್ಣು ಪೂರ್ತಿ ಬರುತ್ತೆ ಅಂತ ನಾನು ಹೇಳಲ್ಲ."

ಅದೇ ದಿನ ದೊಡ್ಡ ಔಷಧಕ್ಕೆ ಬರೆದುಕೊಟ್ಟರು. ಕಬ್ಬಿಣದ ಮಾತ್ರೆ ನಿಲ್ಲಿಸಿ, ಮತ್ತೆ ಬೇಕಾದರೆ ರಕ್ತ ನೋಡಿ ನಾನೇ ಹೇಳುತ್ತೇನೆ ಎಂದರು.

ಹೊಸನಗರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಲಜ ಕೂತಳು. ಕವಲೇದುರ್ಗಕ್ಕೆ ತಿರುಗುವ ದಾರಿ ಹಿಂದಾಯಿತು. ಆಮೇಲೆ, "ನೀನಾದ್ರೂ ಹೇಳ್ಬಹುದಿತ್ತಲ್ಲೆ, ಕಾಲಿಂದು" ಎಂದೆ.

"ಹೆಂಗೆ ಹೇಳ್ಲಿ ಅತ್ಗೆ."

"ನನಗೆ ಬೇಜಾರಾಗ್ತದೆ ಅಂತನಾ?"

"ಅದೂ ಹೌದು." ಅವಳು ಹೊರಗೆ ನೋಡುತ್ತಲೇ ಹೇಳಿದಳು. "ಆ ಕಾಲು ಆಗ್ಲೂ ಪೂರ್ತಿ ಸರಿ ಆಗಿರ್ಲಿಲ್ಲ. ಹೆಬ್ಬೆರಳು, ಅದರ ಪಕ್ಕದ್ದು, ಎರಡಕ್ಕೂ ನೆಲ ಗೊತ್ತಾಗ್ತಿರ್ಲಿಲ್ಲ. ಹೇಳೋಣ ಅಂತ ಬಂದೆ. ನೀವು ಬರೀತಾ ಕೂತಿದ್ರಿ. ಹಿಂದೆ ನಿಂತು ನೋಡಿದೆ. ಗುಣ ಅಂತ ಬರೆದು ಗೆರೆ ಎಳೆದ್ರಿ. ಎಷ್ಟು ಖುಷಿ ಇತ್ತು ನಿಮ್ ಮುಖದಾಗೆ. ಮತ್ತೆ ನನಗೂ ಅನ್ನಿಸ್ತು, ಅತ್ಗೆ ಬರೆದಿದ್ದಾರೆ ಅಂದ್ಮೇಲೆ ಗುಣ ಆಗಿರ್ಬೇಕು, ನನಗೇ ತಿಳೀತಿಲ್ಲ ಅಂತ."

ಹೊಸನಗರ ಬರುವವರೆಗೆ ಅವಳು ನಿದ್ದೆ ಮಾಡಿದಳು, ತಲೆ ನನ್ನ ಹೆಗಲಿಗೆ ಬಂದು ನಿಂತಿತು.

ಮುಂದಿನ ತಿಂಗಳ ಸಭೆಯಲ್ಲಿ ಎದ್ದು ನಿಂತು ಹಿಂದೆ ಹೇಳಿದ್ದು ತಪ್ಪು ಎಂದೆ. ಜೋಮು, ಕಣ್ಣು ಮಂಜು ಎಂದು ಬಂದವರನ್ನು ಮಾತ್ರೆ ಕೊಟ್ಟು ಕೂರಿಸಬೇಡಿ, ಡಾಕ್ಟರ ಹತ್ತಿರ ಕಳಿಸಿ ಎಂದೆ. ಕೆಲವರು ತಲೆ ತಗ್ಗಿಸಿದರು. ಒಬ್ಬಳು "ನೀವೇ ಅಲ್ದಾ ಹೇಳಿದ್ದು" ಎಂದಳು. ಹೌದು, ನಾನೇ ಎಂದೆ.

ಈಗ ಜಲಜ ಬಿಸಿಯೂಟದ ಕೆಲಸ ಬಿಟ್ಟಿದ್ದಾಳೆ, ಒಲೆಯ ಶಾಖ ಅವಳಿಗೆ ಆಗುವುದಿಲ್ಲ. ಬಿಸಿಲು ಏರಿದರೆ ಕೋಲು ಬೇಕು. ಎಡಗಣ್ಣಿಗೆ ಕೆಂಪು ಇನ್ನೂ ಮಾಸಿಯೇ ಇದೆ. ಔಷಧ ಶುರುವಾದ ಮೇಲೆ ಕಾಯಿಲೆ ಮತ್ತೆ ಮೇಲೆದ್ದು ಬಂದಿರಲಿಲ್ಲ. ಸಂಜೆ ನಾನು ಬರೆಯಲು ಕೂತಾಗ ಅವಳೂ ಬಂದು ಪಕ್ಕದಲ್ಲಿ ಕೂರುತ್ತಾಳೆ. ಅವಳ ಪುಟವನ್ನು ಅವಳೇ ಬರೆಸುತ್ತಾಳೆ, ನಾನು ಬರೀ ಕೈ. ಒಂದು ಸಲ ಅಭ್ಯಾಸದ ಮೇಲೆ "ಪರವಾಗಿಲ್ಲ" ಎಂದು ಸೇರಿಸಿಬಿಟ್ಟೆ. ಹೊಡೆದು ಹಾಕಿಸಿದಳು. "ನಾನು ಹಂಗೆ ಅಂದ್ನಾ ಅತ್ಗೆ?"

ಇವತ್ತು ಸಂಜೆ ಬಂದು ಕೂತವಳು ಬಲಗೈಯ ಬೆರಳುಗಳನ್ನು ತಿಕ್ಕಿಕೊಂಡಳು. ಆಮೇಲೆ ಹೇಳಿದಳು: "ಬರೀರಿ. ಬಲಗೈ ಕಿರುಬೆರಳು, ಅದರ ಪಕ್ಕದ ಬೆರಳು. ನಿನ್ನೆ ಮಧ್ಯಾಹ್ನದಿಂದ ಜೋಮು, ಬಿಟ್ಟಿಲ್ಲ. ಹೆದರಿಕೆ ಆಗ್ತಿದೆ."

"ಹೆದರಿಕೆಯನ್ನೂ ಬರೀಬೇಕಾ?"

"ಅದನ್ನೇ ಮೊದ್ಲು ಬರೀರಿ."

ಬರೆದೆ. ಡಾಕ್ಟರಿಗೆ ಫೋನು ಮಾಡಿದೆವು, ನಾಳೆಯೇ ತೀರ್ಥಹಳ್ಳಿಗೆ ಬರುವ ದಿನ, ಬನ್ನಿ ಎಂದಿದ್ದಾರೆ. ಬೆಳಿಗ್ಗೆ ತೀರ್ಥಹಳ್ಳಿಗೆ ಹೋಗುವ ಮೊದಲನೇ ಬಸ್ಸಿಗೆ ಹೊರಡುತ್ತೇವೆ.